ಬೇಡವೆಂದರೂ ಕಾಯುವ ಬಿಂಬುಳಿ

ಒಂದೇ ಮರ, ಓಣಿಗೆಲ್ಲ ಸಾಕಾಗುವಷ್ಟು ಹುಳಿ. ಕೊಯ್ದ ಎರಡೇ ದಿನಕ್ಕೆ ಮೆತ್ತಗಾಗುವ ಕಾಯಿ. ಪೇಟೆಯಲ್ಲಿ ಕೇಳುವವರಿಲ್ಲ, ಪಕ್ಕದ ಮನೆಯವರೂ ‘ನಮ್ಮಲ್ಲೇ ಇದೆ’ ಎನ್ನುತ್ತಾರೆ. ಮಳೆ ಹಿಡಿಯುವ ಮುಂಚೆ ಈ ರಾಶಿಯನ್ನು ಏನು ಮಾಡಬಹುದು? ಏನು ಮಾಡಲೇಬಾರದು?

ಮೇ ತಿಂಗಳ ಬೆಳಗು. ಉಡುಪಿ ಸೀಮೆಯ ಹಳೆಯ ಮನೆಯೊಂದರ ಹಿತ್ತಲು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಟಪ್ಪೆಂದು ಏನೋ ಬಿತ್ತು. ಹಿಂದೆಯೇ ಬಕೆಟ್ಟಿನೊಳಗೆ ಇನ್ನೊಂದು. ತಲೆಯೆತ್ತಿದರೆ ಬಿಂಬುಳಿ ಮರ.

ಎಲೆಗಳೆಲ್ಲ ಕೊಂಬೆಯ ತುದಿಗೆ ಸರಿದು ನಿಂತಿವೆ. ಉಳಿದ ಜಾಗವೆಲ್ಲ ಕಾಯಿಯದು. ಕಾಂಡದ ಮೊಣಕಾಲೆತ್ತರದಿಂದ ಹಿಡಿದು ಕವಲಿನವರೆಗೆ ತೊಗಟೆ ಸೀಳಿಕೊಂಡು ಹೊರಬಂದ ಗೊಂಚಲು, ಗೊಂಚಲಿನ ಮೇಲೆ ಗೊಂಚಲು. ಹೆಬ್ಬೆರಳಿನ ದಪ್ಪ, ನಡುಬೆರಳಿನ ಉದ್ದ, ಮೇಣ ಸವರಿದ ಹಾಗೆ ಮಿನುಗುವ ಹಸಿರು ಮೈ. ಅದೇ ಗೊಂಚಲಿನಲ್ಲಿ ಕಡುಗೆಂಪು ಪುಟ್ಟ ಹೂವು, ಹೂವಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಮಿಡಿ. ಇವತ್ತಿನದು, ನಾಳೆಯದು, ಬರುವ ತಿಂಗಳಿನದು ಎಲ್ಲ ಒಂದೇ ಕಡೆ.

ನೆಲದ ಮೇಲೆ ಹಣ್ಣಾಗಿ ಉದುರಿದವುಗಳ ಹಳದಿ ಹಾಸು. ಕಾಲಿಟ್ಟರೆ ಪಿಚಕ್ಕನೆ ನೀರು ಚಿಮ್ಮುತ್ತದೆ. ಮನೆಯ ಹಿರಿಯಾಕೆ ಹಿಡಿಸೂಡಿ ಹಿಡಿದು ಅಷ್ಟನ್ನೂ ಗುಡಿಸಿ ಬಾಳೆಯ ಬುಡಕ್ಕೆ ಹಾಕುತ್ತಾಳೆ. ನಾಳೆ ಬೆಳಗ್ಗೆ ಮತ್ತೆ ಅಷ್ಟೇ ಇರುತ್ತದೆ.

ಕರಾವಳಿಯಲ್ಲಿ ಈ ಮರ ಇರುವ ಮನೆಯವರ ಕಷ್ಟವೇ ಬೇರೆ. ಮಾವು ಹೆಚ್ಚಾದರೆ ನೆಂಟರು ತಾವಾಗಿ ಬರುತ್ತಾರೆ. ಹಲಸು ಹೆಚ್ಚಾದರೆ ಹಪ್ಪಳಕ್ಕೆ ಜನ ಸೇರುತ್ತಾರೆ, ಈಚೆಗಂತೂ ಊರೂರಿನಲ್ಲಿ ಹಲಸಿನ ಮೇಳಗಳೇ ನಡೆಯುತ್ತಿವೆ. ಬಿಂಬುಳಿಗೆ ಆ ಭಾಗ್ಯವಿಲ್ಲ. ಚೀಲ ಹಿಡಿದು ಬರುವ ನೆರೆಯವರನ್ನು ಕಂಡರೆ ಎದುರು ಮನೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಆ ಚೀಲದಲ್ಲಿ ಇನ್ನೇನಿರಲು ಸಾಧ್ಯ?

ದೇವಸ್ಥಾನದ ಕಟ್ಟೆ, ಬಸ್‌ಸ್ಟ್ಯಾಂಡಿನ ಬೆಂಚು, ಕಚೇರಿಯ ಮೇಜು, ಎಲ್ಲ ಕಡೆಯೂ ಈ ಕಾಯಿಯ ಪೊಟ್ಟಣಗಳು ಅನಾಥವಾಗಿ ಕೂತಿರುತ್ತವೆ. ‘ಬೇಕಾದವರು ತೆಗೆದುಕೊಳ್ಳಿ’ ಎಂಬ ಚೀಟಿಯೂ ಇರುವುದುಂಟು. ಬೇಕಾದವರು ಎರಡು ಕಾಯಿ ತೆಗೆದುಕೊಂಡು ಹೋಗುತ್ತಾರೆ. ಒಂದು ಹೊತ್ತಿನ ಸಾರಿಗೆ ಅದಕ್ಕಿಂತ ಹೆಚ್ಚು ಬೇಡ ನೋಡಿ.

ಪೇಟೆಗೆ ಸಲ್ಲದ ಕಾಯಿ

ಹುಳಿಯ ವಿಷಯದಲ್ಲಿ ನಮ್ಮ ಕರಾವಳಿ ಬಡತನ ಕಂಡದ್ದಿಲ್ಲ. ಹುಣಸೆ, ಪುನರ್ಪುಳಿ, ಉಪ್ಪಾಗೆ, ಅಮಟೆ, ದಾರೆಹುಳಿ, ಮಾವಿನಕಾಯಿ, ನಿಂಬೆ, ಇಷ್ಟರ ನಡುವೆ ಬಿಂಬುಳಿಯೂ ಒಂದು. ಬಿಂಬುಲ, ಬಿಂಬ್ಲಿ, ಬಿಲಿಂಬಿ ಎಂದು ಮನೆಗೊಂದು ಹೆಸರು. ಆದರೆ ಪುನರ್ಪುಳಿಯ ಸಿಪ್ಪೆ ಒಣಗಿ ಅಂಗಡಿ ಸೇರುತ್ತದೆ, ಉಪ್ಪಾಗೆ ಮೂಟೆಯಾಗಿ ಘಟ್ಟ ಇಳಿಯುತ್ತದೆ. ಬಿಂಬುಳಿ ಮಾತ್ರ ಹಿತ್ತಲು ದಾಟುವುದಿಲ್ಲ.

ಕಾರಣ ಅದರ ಮೈಯಲ್ಲೇ ಇದೆ. 100 ಗ್ರಾಂ ಕಾಯಿಯಲ್ಲಿ ಸುಮಾರು 94 ಗ್ರಾಂ ಬರೀ ನೀರು. ಸಿಪ್ಪೆ ಎಂದರೆ ಇದ್ದೂ ಇಲ್ಲದಂಥ ಪೊರೆ. ಉಗುರು ತಾಗಿದರೆ ಕಲೆ, ಒಂದರ ಮೇಲೊಂದು ಬಿದ್ದರೆ ಗಾಯ. ಬೆಳಗ್ಗೆ ಕೊಯ್ದು ಗೋಣಿಗೆ ತುಂಬಿದರೆ ಸಂಜೆಗೆ ಅಡಿಯ ಪದರ ರಸವಾಗಿರುತ್ತದೆ. ಇಂಥದ್ದನ್ನು ಲಾರಿಗೆ ಹಾಕಿ ಬೆಂಗಳೂರಿಗೆ ಕಳಿಸುವ ಧೈರ್ಯ ಯಾವ ವ್ಯಾಪಾರಿಗಿದೆ? ಮಂಗಳೂರು, ಉಡುಪಿಯ ಸಂತೆಗಳಲ್ಲಿ ಒಮ್ಮೊಮ್ಮೆ ಬಾಳೆಲೆಯ ಮೇಲೆ ನಾಲ್ಕು ಗುಪ್ಪೆ ಕಂಡರೆ ಅದೇ ಹೆಚ್ಚು.

ಫಲದಲ್ಲಾದರೂ ಹಿಡಿತವಿದೆಯೇ? ಅದೂ ಇಲ್ಲ. ಫೆಬ್ರುವರಿಯ ಹೊತ್ತಿಗೆ ಹೂ ಹಿಡಿಯಿತೆಂದರೆ ಡಿಸೆಂಬರ್‌ವರೆಗೂ ಒಂದರ ಹಿಂದೊಂದು ಬರುತ್ತಲೇ ಇರುತ್ತದೆ. ಗೊಬ್ಬರ ಕೇಳುವುದಿಲ್ಲ, ನೀರು ಕೇಳುವುದಿಲ್ಲ, ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ನೆಟ್ಟರೂ ಮುನಿಸಿಲ್ಲ. ಬರೀ ಕೊಡುತ್ತದೆ. ಕೊಡುವುದರಲ್ಲಿ ಇಷ್ಟೊಂದು ಹಟ ಮಾಡುವ ಮರ ನಮ್ಮ ಹಿತ್ತಲಲ್ಲಿ ಇನ್ನೊಂದಿಲ್ಲ.

ಈ ರಾಶಿಯ ಮುಂದೆ ಕೈಚೆಲ್ಲುವವರು ಸಾಮಾನ್ಯವಾಗಿ ಅದನ್ನು ಹಣ್ಣೆಂದೋ ತರಕಾರಿಯೆಂದೋ ನೋಡುತ್ತಾರೆ. ಬಿಂಬುಳಿಯ ಪಲ್ಯ ಮಾಡಲಾಗದು, ಹೋಳು ಹೆಚ್ಚಿ ತಟ್ಟೆಯಲ್ಲಿಟ್ಟು ತಿನ್ನಲಾಗದು. ಅದು ಹುಳಿ, ಅಷ್ಟೇ. ಹುಣಸೆಹಣ್ಣಿನ ಡಬ್ಬಿಯನ್ನು ಕಪಾಟಿನ ಮೇಲ್ಗಡೆಯ ಸಾಲಿಗೆ ಏರಿಸಿ, ಆ ಜಾಗದಲ್ಲಿ ಬಿಂಬುಳಿಯ ಬಟ್ಟಲಿಟ್ಟುಬಿಡಿ. ವರ್ಷದ ಒಂಬತ್ತು ತಿಂಗಳು ಹುಣಸೆ ಕೊಳ್ಳುವ ಅಗತ್ಯವೇ ಬೀಳದು.

ಹುಣಸೆಯ ಜಾಗದಲ್ಲಿ

ಲೆಕ್ಕ ಸರಳ. ನಿಂಬೆಗಾತ್ರದ ಹುಣಸೆ ಹಾಕುವ ಕಡೆ ಆರೆಂಟು ಬಿಂಬುಳಿ. ಎಳೆಯದಾದರೆ ಹುಳಿ ಹೆಚ್ಚು, ಹಳದಿಗೆ ತಿರುಗಿದ್ದರೆ ಕೊಂಚ ಸೌಮ್ಯ. ಗಟ್ಟಿ ಹಸಿರು ಕಾಯಿ ಉಪ್ಪಿನಕಾಯಿಗೆ ಮತ್ತು ಮೀನಿಗೆ. ಬಲಿತು ಮೆತ್ತಗಾದದ್ದು ಗೊಜ್ಜಿಗೆ, ಚಟ್ನಿಗೆ.

ಒಂದು ಎಚ್ಚರ. ಬೇಳೆಯ ಜೊತೆ ಬಿಂಬುಳಿ ಹಾಕಿ ಕುಕ್ಕರ್ ಕೂಗಿಸಿದರೆ ಮೂರು ಸೀಟಿ ಹೋಗಿ ಆರಾದರೂ ತೊಗರಿ ಕರಗದು. ಹುಳಿಯಲ್ಲಿ ಬೇಳೆಯ, ಗೆಡ್ಡೆಯ ಜೀವಕೋಶದ ಗೋಡೆ ಸಡಿಲುವುದು ನಿಧಾನ. ಹಾಗಾಗಿ ಬೇಳೆ ಪೂರ್ತಿ ಬೆಂದು, ಉಪ್ಪು ಬಿದ್ದ ಮೇಲೆ, ಸೀಳಿದ ಕಾಯಿಯನ್ನು ಹಾಕಿ. ಐದೇ ನಿಮಿಷದಲ್ಲಿ ಅದು ಮೆತ್ತಗಾಗಿ ಹುಳಿಯನ್ನೆಲ್ಲ ಸಾರಿಗೆ ಬಿಟ್ಟುಕೊಡುತ್ತದೆ.

ಇನ್ನೊಂದು ಪಾತ್ರೆಯ ವಿಷಯ. ಅಲ್ಯೂಮಿನಿಯಂ, ಕಲಾಯಿ ಹೋದ ಹಿತ್ತಾಳೆ, ಕಬ್ಬಿಣದ ಬಾಣಲೆ ಇವುಗಳ ಹತ್ತಿರ ಈ ಕಾಯಿಯನ್ನು ತರಬಾರದು. ಲೋಹವನ್ನು ಕೆರೆದು ತಿನ್ನುವಷ್ಟು ಹುಳಿ ಅದರಲ್ಲಿದೆ. ಮಣ್ಣಿನ ಗಡಿಗೆ, ಕಲ್ಲಿನ ಪಾತ್ರೆ, ಸ್ಟೀಲು ಮೂರರಲ್ಲಿ ಯಾವುದಾದರೂ ಸರಿ.

ಬಿಂಬುಳಿಯಿಂದ ಮಾಡುವ ಎಲ್ಲದರಲ್ಲಿ ನನಗೆ ಗೊಜ್ಜೇ ಮೇಲು. ಅದಕ್ಕೆ ಹದಿನೈದಿಪ್ಪತ್ತು ಕಾಯಿಯ ತೊಟ್ಟು ತೆಗೆದು, ಗಾಲಿಗಾಲಿಯಾಗಿ ಹೆಚ್ಚಿ ಗಡಿಗೆಗೆ ಹಾಕಿ. ಉಪ್ಪು, ಜಜ್ಜಿದ ನಾಲ್ಕು ಹಸಿಮೆಣಸು, ಚಿಟಿಕೆ ಅರಸಿನ. ಒಂದು ಹನಿ ನೀರೂ ಬೇಡ. ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಎರಡು ನಿಮಿಷಕ್ಕೆ ಕಾಯಿ ತನ್ನ ನೀರನ್ನು ತಾನೇ ಬಿಡತೊಡಗುತ್ತದೆ. ಇದ್ದ ಹಸಿರು ಮಂಕಾಗಿ, ಆಮೇಲೆ ಕಂದಿಗೆ ತಿರುಗುತ್ತದೆ. ಬಿಲ್ಲೆಗಳ ಅಂಚು ಕರಗಿ, ನಡುವಿನ ನಕ್ಷತ್ರದಂಥ ಗುರುತಷ್ಟೇ ಉಳಿದಾಗ ಬೆಲ್ಲ ಹಾಕಿ. ಎಷ್ಟು ಎಂದು ಕೇಳಬೇಡಿ. ನಾಲಿಗೆಯ ಮೇಲೆ ಹುಳಿ ಇರಿಯುವುದು ನಿಂತು, ಚುಚ್ಚುವುದಷ್ಟೇ ಉಳಿಯುವವರೆಗೆ.

ಬೆಲ್ಲ ಕರಗಿ ಗೊಜ್ಜು ಹೊಳಪಾದ ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬೆಳ್ಳುಳ್ಳಿ ತಿನ್ನದವರು ಇಂಗು ಹಾಕಲಿ. ಆದರೆ ಬೆಳ್ಳುಳ್ಳಿಯ ಅಂಚು ಕೆಂಪಾಗಿ ಈ ಹುಳಿಗೆ ಬಿದ್ದಾಗ ಏಳುವ ಪರಿಮಳಕ್ಕೆ ಇಂಗು ಸಮನಲ್ಲ ಎಂಬುದು ನನ್ನ ಪಕ್ಷ. ಕುಚ್ಚಲಕ್ಕಿ ಗಂಜಿ, ಮೇಲೊಂದು ಚಮಚ ಗೊಜ್ಜು, ಪಕ್ಕದಲ್ಲಿ ಗಟ್ಟಿ ಮೊಸರು. ಸೆಕೆಗಾಲದ ಮಧ್ಯಾಹ್ನಕ್ಕೆ ಬೇರೆ ಊಟ ಬೇಡ.

ಚಟ್ನಿಗೆ ಇಷ್ಟೂ ಕೆಲಸವಿಲ್ಲ. ಅರ್ಧ ಕಡಿ ತೆಂಗಿನತುರಿ, ಎರಡು ಹಸಿಮೆಣಸು, ಎರಡು ಹಸಿ ಬಿಂಬುಳಿ, ಉಪ್ಪು. ನೀರು ದೋಸೆಯ ಬಂಡಿ ಕಾಯುವುದರೊಳಗೆ ಚಟ್ನಿ ತಯಾರು. ಕೊಂಕಣಿಗರ ಮನೆಗಳಲ್ಲಿ ಕೆಸುವಿನ ಸೊಪ್ಪಿನ ಅಳ್ವತಿಗೆ ಅಮಟೆ ಸಿಗದ ದಿನ ಬಿಂಬುಳಿಯೇ ಗತಿ. ಕೆಸುವಿನ ತುರಿಕೆಗೆ ಹುಳಿ ಬೇಕೇ ಬೇಕು, ಅದನ್ನು ಕೊಡುವುದರಲ್ಲಿ ಈ ಕಾಯಿ ಯಾವ ಜಿಪುಣತನವನ್ನೂ ತೋರದು.

ಬಾಕ್ಸ್: ಕಡಲು ದಾಟಿದ ಹುಳಿ

ಬಿಂಬುಳಿಯ ತವರು ಇಂಡೊನೇಷ್ಯಾದ ಕಡೆಯ ದ್ವೀಪಗಳು ಎಂಬುದು ಸಸ್ಯಶಾಸ್ತ್ರಜ್ಞರ ಅಂದಾಜು.

ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ‘ಹೋರ್ತುಸ್ ಮಲಬಾರಿಕಸ್’ನಲ್ಲಿ ಈ ಮರದ ಚಿತ್ರವಿದೆ. ಅಂದರೆ ಮುನ್ನೂರು ವರ್ಷಗಳ ಹಿಂದೆಯೇ ಪಶ್ಚಿಮ ಕರಾವಳಿಯಲ್ಲಿ ಅದು ಬೇರೂರಿತ್ತು. ಆ ಗ್ರಂಥಕ್ಕೆ ನೆರವಾದವರಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರೂ ಇದ್ದರು.

1753ರಲ್ಲಿ ಲಿನೇಯಸ್ ಇದಕ್ಕೆ ಅವೆರ‍್ಹೋವಾ ಬಿಲಿಂಬಿ ಎಂದು ಹೆಸರಿಟ್ಟ. ಹೆಸರಿನ ಮೊದಲರ್ಧ 12ನೇ ಶತಮಾನದ ಕಾರ್ಡೋಬಾದ ವೈದ್ಯ, ತತ್ತ್ವಜ್ಞಾನಿ ಇಬ್ನ್ ರುಶ್ದ್‌ಗೆ ಸಂದ ಗೌರವ.

1793ರಲ್ಲಿ ಬಿಂಬುಳಿ ತಿಮೋರ್ ದ್ವೀಪದಿಂದ ಜಮೈಕಾಕ್ಕೆ ಹೋಯಿತು. ನಮ್ಮ ಜೀಗುಜ್ಜೆಯ ಸಸಿಗಳನ್ನು ಕ್ಯಾಪ್ಟನ್ ಬ್ಲೈ ಹಡಗಿನಲ್ಲಿ ಜಮೈಕಾಕ್ಕೆ ಮುಟ್ಟಿಸಿದ್ದೂ ಅದೇ ವರ್ಷ.

ಮೀನಿನ ಜೊತೆಗೆ

ಬಿಂಬುಳಿ ನಿಜವಾಗಿ ಮೆರೆಯುವುದು ಮೀನಿನ ಗಡಿಗೆಯಲ್ಲಿ. ಬಂಗುಡೆ, ಬೂತಾಯಿಯಂಥ ಎಣ್ಣೆಯಂಶದ ಮೀನಿಗೆ ಹುಣಸೆಯ ಹುಳಿ ಭಾರ. ಅದು ಸಾರನ್ನು ಕಪ್ಪಾಗಿಸಿ, ಮಂದವಾಗಿಸಿ, ಎಲ್ಲದರ ಮೇಲೂ ತನ್ನದೇ ಮುದ್ರೆ ಒತ್ತುತ್ತದೆ. ಬಿಂಬುಳಿಯ ಹುಳಿ ತೆಳು, ಚುರುಕು. ಬ್ಯಾಡಗಿ ಮೆಣಸಿನ ಕೆಂಪು ಕೆಂಪಾಗಿಯೇ ಉಳಿಯುತ್ತದೆ, ತೆಂಗಿನ ಸಿಹಿ ಕೊನೆಗೆ ನಾಲಿಗೆಗೆ ಸಿಗುತ್ತದೆ.

ಮಸಾಲೆ ನಿಮ್ಮ ಮನೆಯದೇ ಇರಲಿ. ಹುರಿದ ಬ್ಯಾಡಗಿ, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ, ಅರಸಿನ, ಬೆಳ್ಳುಳ್ಳಿ, ತೆಂಗಿನತುರಿ. ಅರೆಯುವಾಗ ಹುಣಸೆ ಬಿಡಿ. ಮಸಾಲೆ ಕುದಿ ಬಂದ ಮೇಲೆ ಉದ್ದಕ್ಕೆ ಸೀಳಿದ ಬಿಂಬುಳಿ, ಅದರ ಹಿಂದೆಯೇ ಮೀನು. ಮೊದಲೇ ಕಾಯಿ ಹಾಕಿ ಕುದಿಸಿದರೆ ಅದು ಕರಗಿ ಕಾಣೆಯಾಗುತ್ತದೆ. ಊಟಕ್ಕೆ ಕೂತಾಗ ಮೀನಿನ ಪಕ್ಕ ಇಡಿಯಾಗಿ ಒಂದು ಕಾಯಿ ಸಿಗಬೇಕು, ಅನ್ನದ ಜೊತೆ ಕಿವುಚಿದರೆ ರಸ ಒಸರಬೇಕು.

ಸೀಗಡಿಗಂತೂ ಇದು ಹೇಳಿ ಮಾಡಿಸಿದ ಜೋಡಿ. ಕೇರಳದ ಕೆಲವೆಡೆ ಬಿಂಬುಳಿಯನ್ನು ಸೀಗಡಿಯ ಹುಳಿ ಎಂದೇ ಕರೆಯುತ್ತಾರೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸೀಗಡಿಯ ಜೊತೆ ಮಾತ್ರವಲ್ಲ, ಕೊಬ್ಬಿರುವ ಹಂದಿಮಾಂಸದ ಅಡುಗೆಗೂ ಬಿಂಬ್ಲಿ ಬೀಳುತ್ತದೆ. ಕೊಬ್ಬಿನ ಜಿಗಿಯನ್ನು ಕತ್ತರಿಸಲು ವಿನೆಗರ್ ಮಾಡುವ ಕೆಲಸವನ್ನು ಹಿತ್ತಲಿನ ಕಾಯಿ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಹಿಂದೂ ಮಹಾಸಾಗರದ ಸುತ್ತ ಎಲ್ಲಿ ಹೋದರೂ ಇದೇ ಜೋಡಿ. ಮಾಲ್ಡೀವ್ಸ್‌ನಲ್ಲಿ ಬಿಂಬುಳಿಯನ್ನು ಮೀನಿನ ಜೊತೆ ತಿನ್ನುತ್ತಾರೆ. ಆಚೆಗೆ ಫಿಲಿಪ್ಪೀನ್ಸ್‌ನಲ್ಲಿ ಕಾಮಿಯಾಸ್ ಎಂಬ ಹೆಸರಿನಲ್ಲಿ ಸಿನಿಗಾಂಗ್ ಎಂಬ ಹುಳಿಸಾರಿಗೆ ಬೀಳುತ್ತದೆ. ಭಾಷೆ ಬೇರೆ, ಹಿತ್ತಲು ಬೇರೆ, ಗಡಿಗೆಯಲ್ಲಿ ಬೇಯುವುದು ಮಾತ್ರ ಒಂದೇ.

ಉಪ್ಪು ಮತ್ತು ಬಿಸಿಲು

ಇಷ್ಟೆಲ್ಲ ಮಾಡಿದರೂ ದಿನಕ್ಕೆ ಖರ್ಚಾಗುವುದು ಇಪ್ಪತ್ತು ಕಾಯಿ. ಮರ ಕೊಡುವುದು ಬುಟ್ಟಿಗಟ್ಟಲೆ. ಹಾಗಾಗಿ ಈ ಋತುವಿನ ನಿಜವಾದ ಕೆಲಸ ಇರುವುದು ಅಂಗಳದಲ್ಲಿ.

ಉಪ್ಪಿನಕಾಯಿ ಎಲ್ಲರಿಗೂ ಗೊತ್ತು, ಹಾಳಾಗುವುದೂ ಎಲ್ಲರ ಮನೆಯಲ್ಲೇ. 94 ಭಾಗ ನೀರಿರುವ ಕಾಯಿಯನ್ನು ನೇರವಾಗಿ ಮಸಾಲೆಗೆ ಹಾಕಿದರೆ ವಾರದೊಳಗೆ ಜಾಡಿಯಲ್ಲಿ ನೀರು ನಿಂತು ಬೂಸು ಹಿಡಿಯದೆ ಇನ್ನೇನಾದೀತು? ಕಾಯಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ. ಕಿಲೋಗೆ ಸುಮಾರು 100 ಗ್ರಾಂನಂತೆ ಕಲ್ಲುಪ್ಪು ಬೆರೆಸಿ ಒಂದು ರಾತ್ರಿ ಇಡಿ. ಬೆಳಗ್ಗೆ ಕಾಯಿ ಅರ್ಧಕ್ಕರ್ಧ ತೇಲುವಷ್ಟು ನೀರು ಬಿಟ್ಟಿರುತ್ತದೆ. ಆ ನೀರನ್ನು ಬಸಿದು ಚೆಲ್ಲಿ, ಕಾಯಿಯನ್ನು ಒಂದು ಹಗಲು ಬಿಸಿಲಿಗೆ ಹಾಕಿ. ಸುಕ್ಕಾದ ಮೇಲೆ ಸಾಸಿವೆ, ಮೆಣಸು, ಮೆಂತೆ, ಇಂಗಿನ ಪುಡಿ. ಮೇಲೆ ಕಾಯಿಸಿ ಆರಿಸಿದ ಎಳ್ಳೆಣ್ಣೆ. ತಿನ್ನಲು ಮೂರು ದಿನ ಕಾಯಿರಿ.

ಆದರೆ ಜಾಣರು ಉಪ್ಪಿನಕಾಯಿಗೇ ನಿಲ್ಲುವುದಿಲ್ಲ. ಒಣಗಿಸುತ್ತಾರೆ.

ಇಂಡೊನೇಷ್ಯಾದ ‘ಆಚೆ’ ಎಂಬ ಪ್ರಾಂತದವರು ಈ ಕಲೆಯಲ್ಲಿ ನಮಗಿಂತ ಮುಂದೆ. ಅಲ್ಲಿ ಬಿಂಬುಳಿಗೆ ಉಪ್ಪು ಹಚ್ಚಿ, ಬಿಸಿಲಿಗೆ ಹಾಕಿ, ಮತ್ತೆ ಉಪ್ಪು, ಮತ್ತೆ ಬಿಸಿಲು, ಹೀಗೆ ಹಲವು ದಿನ ಮಾಡಿ ಕಪ್ಪುಕಂದಿನ ಸುಕ್ಕಿದ ತುಂಡು ಮಾಡುತ್ತಾರೆ. ಆಸಾಮ್ ಸುಂತಿ ಎಂದು ಅದರ ಹೆಸರು. ಆಚೆಯ ಅಡುಗೆಮನೆಗೆ ಅದು ನಮ್ಮ ಹುಣಸೆಯಷ್ಟೇ ಅಗತ್ಯ.

ನಮ್ಮ ಅಂಗಳಕ್ಕೂ ಆ ವಿಧಾನ ಸಲ್ಲುತ್ತದೆ. ಇಡೀ ಕಾಯಿ ಒಣಗಲು ದಿನ ಹಿಡಿಯುತ್ತದೆ, ಉದ್ದಕ್ಕೆ ಎರಡಾಗಿ ಸೀಳಿದರೆ ಬೇಗ. ಉಪ್ಪಿನಲ್ಲಿ ಒಂದು ರಾತ್ರಿ, ನೀರು ಬಸಿದು ಗೆರಸೆಯ ಮೇಲೆ ತೆಳ್ಳಗೆ ಹರವಿ ಬಿಸಿಲಿಗೆ. ಮೊದಲ ಸಂಜೆ ಅದು ಅಂಟಂಟಾಗಿ ಅಸಹ್ಯವಾಗಿ ಕಾಣುತ್ತದೆ, ಹೆದರಬೇಡಿ. ಎರಡನೆಯ ದಿನ ಬಣ್ಣ ಕಂದುತ್ತದೆ, ಅಂಚು ಮುದುರುತ್ತದೆ. ನಾಲ್ಕೈದು ಗಟ್ಟಿ ಬಿಸಿಲು ಕಂಡ ಮೇಲೆ ಎರಡು ಬೆರಳ ನಡುವೆ ಒತ್ತಿದರೆ ನೀರು ಒಸರಬಾರದು, ಮುರಿಯಲೂಬಾರದು, ಬಾಗಬೇಕು. ಅದೇ ಹದ. ರಾತ್ರಿ ಒಳಗಿಡುವುದನ್ನು ಮರೆತರೆ ಇಬ್ಬನಿ ಕುಡಿದು ಮತ್ತೆ ಮೊದಲಿನಿಂದ.

ಒಂದು ಕಿಲೋ ಕಾಯಿ ಒಣಗಿದ ಮೇಲೆ ಒಂದೆರಡು ಹಿಡಿಯಷ್ಟೇ ಆಗುತ್ತದೆ. ಬುಟ್ಟಿಯ ರಾಶಿ ಭರಣಿಗೆ ಇಳಿಯುತ್ತದೆ ಎಂದರೆ ಅರ್ಧ ಸಮಸ್ಯೆ ಅಲ್ಲಿಗೆ ಮುಗಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಸಿಮೀನು ದುಬಾರಿಯಾಗಿ, ಒಣಮೀನು ಒಲೆಯ ಬಳಿ ಬರುವ ದಿನಗಳು ಅವು. ಒಣ ಸೀಗಡಿಯನ್ನು ಹುರಿದು, ತೆಂಗಿನತುರಿ, ಒಣಮೆಣಸು, ಎರಡು ಒಣ ಬಿಂಬುಳಿ ಸೇರಿಸಿ ಅರೆದ ಚಟ್ನಿಗೆ ಜಡಿಮಳೆಯ ರಾತ್ರಿಯಲ್ಲಿ ಇರುವ ಬೆಲೆಯನ್ನು ತಿಂದವರೇ ಬಲ್ಲರು. ಉಪ್ಪು ಮಾತ್ರ ಕೈ ಹಿಡಿದು ಹಾಕಿ, ಒಣಕಾಯಿಯಲ್ಲೇ ಬೇಕಾದಷ್ಟಿದೆ. ಗಲ್ಫ್‌ಗೆ ಹೋಗುವ ಮಕ್ಕಳ ಪೆಟ್ಟಿಗೆಯಲ್ಲೂ ಇದಕ್ಕೆ ಜಾಗ ಸಿಗುತ್ತದೆ, ಎಣ್ಣೆ ಸೋರುವ ಉಪ್ಪಿನಕಾಯಿ ಬಾಟಲಿಯ ರಗಳೆ ಇಲ್ಲ.

ಬಿಸಿಲಿಗೆ ಪುರುಸೊತ್ತಿಲ್ಲದ ಪೇಟೆಯವರಿಗೆ ಫ್ರೀಜರ್ ಇದೆ. ಹೆಚ್ಚಿ, ಒಂದೊಂದು ಹೊತ್ತಿನ ಅಳತೆಗೆ ಪೊಟ್ಟಣ ಕಟ್ಟಿ ಇಟ್ಟರಾಯಿತು. ಹೊರಗೆ ತೆಗೆದಾಗ ಮೆತ್ತಗಿರುತ್ತದೆ, ಸಾರಿಗೆ ಅದೇನೂ ಕುಂದಲ್ಲ.

ಬಾಕ್ಸ್: ಇಂಗ್ಲೆಂಡಿನ ಹಿತ್ತಲಲ್ಲೂ ಇದೇ ಪಾಡು

ವಸಂತ ಬಂತೆಂದರೆ ಇಂಗ್ಲೆಂಡಿನ ತೋಟಗಳಲ್ಲಿ ರೂಬಾರ್ಬ್ ಎಂಬ ಕೆಂಪು ದಂಟು ಹೀಗೆಯೇ ಮಿತಿಮೀರಿ ಏಳುತ್ತದೆ. ನೆರೆಮನೆಯ ಮೆಟ್ಟಿಲಿಗೆ ಕಟ್ಟುಗಟ್ಟಲೆ ದಂಟು ಬಂದು ಬೀಳುತ್ತದೆ. ಅಲ್ಲಿಯ ದಾರಿ ಸಕ್ಕರೆ: ಜಾಮ್, ಹಿಟ್ಟು ಉದುರಿಸಿ ಬೇಯಿಸುವ ಕ್ರಂಬಲ್, ಮೇಲೆ ಹಾಲಿನ ಕಸ್ಟರ್ಡ್.

ಯಾರ್ಕ್‌ಶೈರ್‌ನ ವೇಕ್‌ಫೀಲ್ಡ್ ಸುತ್ತಲಿನ ‘ರೂಬಾರ್ಬ್ ತ್ರಿಕೋನ’ದಲ್ಲಿ ಚಳಿಗಾಲದಲ್ಲಿ ಕತ್ತಲೆ ಕೊಟ್ಟಿಗೆಗಳಲ್ಲಿ ಬೆಳೆಸಿ, ಮೇಣದಬತ್ತಿಯ ಬೆಳಕಿನಲ್ಲಿ ಕೊಯ್ಯುತ್ತಾರೆ. 2010ರಲ್ಲಿ ಅದಕ್ಕೆ ಯುರೋಪಿನ ಭೌಗೋಳಿಕ ಮಾನ್ಯತೆ ಸಿಕ್ಕಿತು.

ಬಿಂಬುಳಿಯಲ್ಲಿರುವ ಆಕ್ಸಾಲಿಕ್ ಆಮ್ಲವೇ ರೂಬಾರ್ಬ್‌ನಲ್ಲೂ ಇದೆ, ಎಲೆಯಲ್ಲಂತೂ ಅಪಾಯದ ಮಟ್ಟಕ್ಕೆ. ಮೊದಲ ಮಹಾಯುದ್ಧದ ಆಹಾರದ ಅಭಾವದಲ್ಲಿ ಬ್ರಿಟನ್ನಿನಲ್ಲಿ ಅದರ ಎಲೆಯನ್ನೂ ಸೊಪ್ಪಿನಂತೆ ಬೇಯಿಸಿ ತಿನ್ನಲು ಸಲಹೆ ಹೊರಟಿತ್ತು. ತಿಂದವರಲ್ಲಿ ಕೆಲವರು ವಿಷಪ್ರಾಶನಕ್ಕೆ ತುತ್ತಾದರು.

ಸಿಹಿ ಮಾಡುವುದಿದ್ದರೆ

ಬಿಂಬುಳಿಯ ಜಾಮ್ ಆಗುತ್ತದೆ, ಮುರಬ್ಬವೂ ಆಗುತ್ತದೆ. ಕಾಯಿಗೆ ಮುಳ್ಳುಚಮಚದಿಂದ ಚುಚ್ಚಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಬೇಕು. ಹುಳಿಯ ಒಂದು ಪಾಲು ನೀರಿನೊಂದಿಗೇ ಹೋಗುತ್ತದೆ. ಆಮೇಲೆ ಕಾಯಿಯ ತೂಕದಷ್ಟೇ ಸಕ್ಕರೆ, ಒಂದು ತುಂಡು ಶುಂಠಿ, ಎರಡು ಲವಂಗ. ಕುದಿದಂತೆ ಜೇನಿನ ಬಣ್ಣಕ್ಕೆ ಬಂದು, ಕೊನೆಗೆ ಕೆಂಪುಕಂದು. ಮಕ್ಕಳು ಬ್ರೆಡ್ಡಿಗೆ ಸವರಿ ತಿನ್ನುತ್ತಾರೆ, ದೊಡ್ಡವರು ಚಪಾತಿಗೆ. ಕೇರಳದ ಕೆಲವು ಮನೆಗಳಲ್ಲಿ ವೈನ್ ಹಾಕುತ್ತಾರೆ. ಚೆನ್ನಾಗಿರುತ್ತದೆ ಎಂದು ಕುಡಿದವರು ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅಷ್ಟು ಸಕ್ಕರೆ ಸುರಿದು ಅದರ ಹುಳಿಯನ್ನು ಅಡಗಿಸುವ ಉಸಾಬರಿಗಿಂತ ಗೊಜ್ಜೇ ವಾಸಿ.

ಲೋಟದಲ್ಲಿ ಬೇಡ

ಇಲ್ಲಿಯವರೆಗೆ ಹೇಳಿದ್ದು ಬಾಯಿರುಚಿಯ ಮಾತು. ಇನ್ನು ಹೇಳುವುದು ಜೀವದ ಮಾತು.

ಕಾಯಿ ರಾಶಿ ಬಿದ್ದಿರುವಾಗ ಮೊದಲು ಹೊಳೆಯುವ ಉಪಾಯ ಮಿಕ್ಸಿಗೆ ಹಾಕಿ ರಸ ತೆಗೆಯುವುದು. ಅದಕ್ಕೆ ಸರಿಯಾಗಿ ಮೊಬೈಲಿಗೆ ಸಂದೇಶಗಳೂ ಬರುತ್ತವೆ: ಕೊಲೆಸ್ಟರಾಲ್ ಇಳಿಯುತ್ತದೆ, ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರುತ್ತದೆ, ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ.

ಈ ನಂಬಿಕೆಯ ಬೆಲೆ ಏನೆಂದು ಕೇರಳದ ವೈದ್ಯರು ಬರೆದಿಟ್ಟಿದ್ದಾರೆ. 2013ರಲ್ಲಿ ಭಾರತೀಯ ಮೂತ್ರಪಿಂಡ ತಜ್ಞರ ನಿಯತಕಾಲಿಕದಲ್ಲಿ ಪ್ರಕಟವಾದ ವರದಿಯೊಂದು ಐದು ಆಸ್ಪತ್ರೆಗಳ ಹತ್ತು ರೋಗಿಗಳ ಕಥೆ ಹೇಳುತ್ತದೆ. ಎಲ್ಲರೂ ಬಿಂಬುಳಿಯ ರಸ ಕುಡಿದವರು, ಎಲ್ಲರಿಗೂ ಮೂತ್ರಪಿಂಡ ಹಠಾತ್ತನೆ ಕೈಕೊಟ್ಟಿತ್ತು. ಏಳು ಜನರಿಗೆ ಡಯಾಲಿಸಿಸ್ ಬೇಕಾಯಿತು.

ನಡೆದದ್ದು ಇಷ್ಟು. ಕಾಯಿಯ ಹುಳಿಯಲ್ಲಿ ಆಕ್ಸಾಲಿಕ್ ಆಮ್ಲ ತುಂಬಿದೆ. ಸಾರಿನಲ್ಲಿ ಎರಡು ಕಾಯಿ ಹಾಕಿ ಐದು ಜನ ಉಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಅತ್ಯಲ್ಪ. ಹತ್ತಾರು ಕಾಯಿಯ ರಸವನ್ನು ಒಬ್ಬರೇ, ಅದೂ ಖಾಲಿ ಹೊಟ್ಟೆಗೆ ಕುಡಿದರೆ ಅಷ್ಟೂ ಆಕ್ಸಲೇಟ್ ರಕ್ತಕ್ಕೆ ಸೇರಿ, ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕ್ಯಾಲ್ಸಿಯಂ ಜೊತೆ ಹರಳುಗಟ್ಟುತ್ತದೆ. ನಾಳ ಕಟ್ಟಿಕೊಳ್ಳುತ್ತದೆ.

ಊಟದಲ್ಲಿ ಮೊಸರು, ಮಜ್ಜಿಗೆ ಇದ್ದರೆ ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಗೊಜ್ಜಿನ ಪಕ್ಕ ಮೊಸರು ಬಡಿಸಿದ ನಮ್ಮ ಅಜ್ಜಿಯರಿಗೆ ಈ ರಸಾಯನಶಾಸ್ತ್ರ ಗೊತ್ತಿತ್ತೆಂದು ಬೀಗುವುದು ಬೇಡ. ಅವರು ರುಚಿಗಾಗಿ ಬಡಿಸಿದರು, ಅದು ಒಳ್ಳೆಯದೂ ಆಯಿತು.

ವಿಟಮಿನ್ ಸಿಗಾಗಿ ಕುಡಿಯುತ್ತೇವೆ ಎನ್ನುವವರಿಗೂ ಒಂದು ಲೆಕ್ಕ. 100 ಗ್ರಾಂ ಬಿಂಬುಳಿಯಲ್ಲಿ ಸಿಗುವ ವಿಟಮಿನ್ ಸಿ ಸುಮಾರು 15 ಮಿಲಿಗ್ರಾಂ. ಅಷ್ಟೇ ತೂಕದ ಕಿತ್ತಳೆಯಲ್ಲಿ ಅದರ ಮೂರು ಪಟ್ಟು ಇದೆ, ನೆಲ್ಲಿಕಾಯಿಯಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ನಾಲಿಗೆ ಚುರುಗುಟ್ಟಿದ್ದೆಲ್ಲ ವಿಟಮಿನ್ ಅಲ್ಲ.

ಬಿಂಬುಳಿಯ ಅಕ್ಕ ದಾರೆಹುಳಿಯದ್ದೂ ಇದೇ ಕಥೆ, ಇನ್ನೊಂದು ಕೈ ಹೆಚ್ಚು. ಮೂತ್ರಪಿಂಡ ಸೋತವರಲ್ಲಿ ಅದು ಬಿಕ್ಕಳಿಕೆ, ಗೊಂದಲ, ಅಪಸ್ಮಾರ ತಂದ ಉದಾಹರಣೆಗಳಿವೆ. ಅದಕ್ಕೆ ಕಾರಣವಾದ ಕ್ಯಾರಂಬಾಕ್ಸಿನ್ ಎಂಬ ನಂಜನ್ನು ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು.

ಕೊಳೆತದ್ದಕ್ಕೂ ಕೆಲಸ

ತಿನ್ನಲಾಗದಷ್ಟು ಮೆತ್ತಗಾದ ಕಾಯಿಯನ್ನು ಬಾಳೆಯ ಬುಡಕ್ಕೆ ಹಾಕುವ ಮುನ್ನ ದೇವರ ಕೋಣೆಯತ್ತ ಒಮ್ಮೆ ನೋಡಿ. ಹಿತ್ತಾಳೆಯ ಕಾಲುದೀಪ, ತಾಮ್ರದ ಹರಿವಾಣ, ಕಿಲುಬು ಹಿಡಿದ ಚೊಂಬು. ಎರಡಾಗಿ ಸೀಳಿದ ಕಾಯಿಗೆ ಉಪ್ಪು ಮುಟ್ಟಿಸಿ ಉಜ್ಜಿದರೆ ಕಿಲುಬು ಬಿಟ್ಟು ಲೋಹದ ಹೊಳಪು ಏಳುತ್ತದೆ. ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಬೇಕು, ಇಲ್ಲವಾದರೆ ಮರುದಿನಕ್ಕೆ ಮತ್ತೆ ಕಪ್ಪು. ಬಿಳಿ ಪಂಚೆಗೆ ತಗಲಿದ ತುಕ್ಕಿನ ಕಲೆಯೂ ಇದರ ರಸಕ್ಕೆ ಬಗ್ಗುತ್ತದೆ. ತುಕ್ಕು ತೆಗೆಯಲು ಅಂಗಡಿಯಲ್ಲಿ ಕೊಳ್ಳುವ ಹಲವು ಪುಡಿಗಳಲ್ಲೂ ಇರುವುದು ಇದೇ ಆಕ್ಸಾಲಿಕ್ ಆಮ್ಲ. ಜಾವಾದಲ್ಲಿ ಕ್ರಿಸ್ ಎಂಬ ಬಾಗುಕತ್ತಿಯ ಅಲಗನ್ನು ಈ ಕಾಯಿಯ ರಸದಲ್ಲೇ ಉಜ್ಜುತ್ತಿದ್ದರು.

ಕತ್ತಿ ಉಜ್ಜುವ ರಸವನ್ನು ಖಾಲಿ ಹೊಟ್ಟೆಗೆ ಕುಡಿಯಬೇಕೇ ಎಂದು ಸಂದೇಶ ಕಳಿಸುವವರನ್ನು ನೀವೇ ಕೇಳಿ.

ಕಾಯಿ ಜಾಸ್ತಿಯಾಯಿತು, ಅಂಗಳ ಕೆಟ್ಟಿತು ಎಂದು ಎಷ್ಟೋ ಮನೆಗಳಲ್ಲಿ ಈ ಮರಕ್ಕೆ ಕೊಡಲಿ ಬೀಳುತ್ತಿದೆ. ಸಾರಿಸುವ ಮಣ್ಣಂಗಳ ಹೋಗಿ ಇಂಟರ್‌ಲಾಕ್ ಹಾಸು ಬಂದ ಮೇಲೆ, ಉದುರುವ ಕಾಯಿಯ ಹುಳಿ ಆ ಸಿಮೆಂಟಿನ ಬಣ್ಣ ತಿನ್ನುತ್ತದೆ ಎಂಬ ದೂರು ಬೇರೆ. ಮರ ಕಡಿಸುವ ಮುನ್ನ ಬುಡದ ಸುತ್ತ ಒಂದು ಹಳೆಯ ಬಲೆಯನ್ನು ಕಟ್ಟಿ ನೋಡಿ. ಬಿದ್ದ ಕಾಯಿ ನೆಲ ಮುಟ್ಟದೆ ಸಿಗುತ್ತದೆ, ಗುಡಿಸುವ ಕೆಲಸವೂ ಇಲ್ಲ.

ಮುಂಗಾರು ಕರಾವಳಿ ಮುಟ್ಟುವುದು ಜೂನ್ ಮೊದಲ ವಾರದ ಹೊತ್ತಿಗೆ. ಒಣಗಿಸಲು ನಾಲ್ಕೈದು ದಿನದ ಗಟ್ಟಿ ಬಿಸಿಲು ಬೇಕು. ಗೆರಸೆ ತೊಳೆದು ಇವತ್ತೇ ಒಣಹಾಕಿ, ಕಲ್ಲುಪ್ಪು ತರಲು ಯಾರನ್ನಾದರೂ ಅಂಗಡಿಗೆ ಕಳಿಸಿ.